ಕಣ್ಣಿನ ಪಾಪೆ

ಕಣ್ಣಿನ ನಡುವಣ ಕರಿಯ ಬೊಟ್ಟನ್ನು ಕನ್ನಡಿಗರು ಪಾಪೆಯೆಂದರು, ಪಾಪೆಯೆಂದರೆ ಗೊಂಬೆ. ಸಂಸ್ಕೃತದ ಕನೀನಿಕೆಗೂ ಪುಟ್ಟ ಹುಡುಗಿಯೆಂಬ ಅರ್ಥವುಂಟು. ಎದುರಿಗಿದ್ದವರ ಕಿರುಬಿಂಬ ಅಲ್ಲಿ ಮೂಡುವುದರಿಂದ ಬಂದ ಹೆಸರಿರಬೇಕು. ಆ ಬಿಂಬವನ್ನರಸುವ ತಾಯಿಗೆ ಒಂದು ಸಂಜೆ ಕೂಸಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದು ಕಂಡರೆ ಅದು ದೃಷ್ಟಿ ತಾಗಿದುದಲ್ಲ, ಅಕ್ಷಿಪಟಲದ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ರೆಟಿನೋಬ್ಲಾಸ್ಟೋಮ ಎಂಬ ಈ ರೋಗ ಸುಮಾರು 15ರಿಂದ 20 ಸಾವಿರ ಶಿಶುಗಳಲ್ಲಿ ಒಂದಕ್ಕೆ, ಬಹುಮಟ್ಟಿಗೆ 5 ವರ್ಷದೊಳಗೆ ಬರುವುದು. ಮಾಲುಗಣ್ಣೂ ಅದರ ಲಕ್ಷಣವಾಗಬಹುದು. ಅದೃಷ್ಟದ ಕಣ್ಣೆಂದು ಸುಮ್ಮನಿದ್ದರೆ ರೋಗವು ದೃಷ್ಟಿನರದ ದಾರಿಯಾಗಿ ಮಿದುಳನ್ನು ಸೇರೀತು.

ಬೇಗ ತಿಳಿದರೆ ಕಣ್ಣನ್ನುಳಿಸುವ ಚಿಕಿತ್ಸೆಗಳಿವೆ. ಬಲಿತ ಮೇಲೆ ಪ್ರಾಣ ಉಳಿಯಲು ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗುವುದು. ಹೆತ್ತವರು ಹಿಂಜರಿಯುವುದು ಇಲ್ಲಿಯೇ. ನಾಳೆ ಶಾಲೆಯಲ್ಲಿ ಕೂಸನ್ನು ಏನೆಂದು ಕರೆದಾರು ಎಂಬ ಆ ಭಯ ಕ್ಷುಲ್ಲಕವಲ್ಲ. ಅದಕ್ಕೆ ಉತ್ತರವುಂಟು; ಅದು ಹಲ್ಲಿನ ವೈದ್ಯರಲ್ಲಿ ದೊರೆಯುವುದೆಂಬುದೇ ಸೋಜಿಗ.

ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಜನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ನಡೆದರೆ ಉಡುಪಿಯ ಮಗ್ಗುಲಲ್ಲೇ ಮಣಿಪಾಲ. ಅಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ 1965ರಲ್ಲಿ ದಂತವೈದ್ಯ ಕಾಲೇಜೂ ಆರಂಭವಾದವು. ಕೃತಕ ದಂತಪಂಕ್ತಿಯನ್ನು ಕಟ್ಟುವ ಶಾಸ್ತ್ರವೇ ಕೃತಕ ಮುಖಾಂಗಗಳನ್ನೂ ಒಳಗೊಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಗಾಜಿನ ಕಣ್ಣುಗಳು ಬಾರದಾದಾಗ ಅಮೆರಿಕದ ಸೇನೆಯ ದಂತತಜ್ಞರು ಹಲ್ಲುಕಟ್ಟಿನ ಅಕ್ರಿಲಿಕ್ಕಿನಿಂದಲೇ ಕಣ್ಣು ಮಾಡಿದರು. ಗಾಯ ಮಾಗಿದ ಮೇಲೆ ಕಣ್ಣಕುಳಿಯ ಅಚ್ಚು ತೆಗೆದು, ಮೇಣದಲ್ಲಿ ರೂಪಿಸಿ, ಇನ್ನೊಂದು ಕಣ್ಣನ್ನು ನೋಡಿ ನೋಡಿ ಬಣ್ಣ ಹಚ್ಚುವರು. ಬಿಳಿಭಾಗದಲ್ಲಿ ರಕ್ತನಾಳಗಳಿಗಾಗಿ ಕೆಂಪು ನೂಲಿನ ಎಳೆಗಳನ್ನಿಡುವರು. ಅದರಿಂದ ನೋಟ ಬಾರದು. ಎದುರಿನವರು ಮುಖ ತಿರುಗಿಸದಿದ್ದರೆ ಅಷ್ಟೇ ಸಾಕು.

ಈ ಪ್ರಯಾಣ ಒಮ್ಮೆಗೆ ಮುಗಿಯದು. ದಿನಗೂಲಿಯವರಿಗೆ ಅದು ಸಣ್ಣ ಹೊರೆಯೂ ಅಲ್ಲ. ಆದರೂ ಮಗು ಬೆಳೆದಂತೆ ಕೃತಕ ನೇತ್ರವನ್ನು ಬದಲಿಸಲೇಬೇಕು. ಬರಿದಾಗಿ ಬಿಟ್ಟರೆ ಕುಳಿಯ ಸುತ್ತಲ ಎಲುಬು ಸರಿಯಾಗಿ ಬೆಳೆಯದೆ ಮುಖ ಒಂದು ಬದಿಗೆ ಕುಗ್ಗುವುದು. ಎಳವೆಯಲ್ಲಿ ವಿಕಿರಣ ಚಿಕಿತ್ಸೆ ಪಡೆದವರ ಪಾಡು ಇನ್ನೂ ಕಠಿಣ. ಕಣತಲೆ ಗುಳಿಬೀಳಬಹುದು, ಮೇಲ್ದವಡೆಯ ಹಲ್ಲುಗಳ ಬೇರು ಮೊಟಕಾಗಬಹುದು, ಕೆಲವು ಹುಟ್ಟದೆಯೂ ಹೋಗಬಹುದು. ಅಂಥವರಿಗೆ ರೆಪ್ಪೆಸಹಿತವಾದ ಸಿಲಿಕೋನಿನ ಮುಖಭಾಗವೂ ಹಲ್ಲುಕಟ್ಟೂ ಜೊತೆಯಾಗಿಯೇ ಬೇಕಾಗುವುದುಂಟು. ವಿಕಿರಣ ತಾಗಿದ ಎಲುಬು ಬೇಗ ಮಾಗದು. ಆದುದರಿಂದ ಎಷ್ಟು ವರ್ಷ ಕಳೆದಿದ್ದರೂ ಹಲ್ಲು ಕೀಳಿಸುವ ಮುನ್ನ ಹಳೆಯ ಚಿಕಿತ್ಸೆಯ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಉಪಾಧ್ಯಾಯರಿಗೂ ಇಲ್ಲಿ ಕೆಲಸವುಂಟು. ನೋಟವಿಲ್ಲದ ಬದಿ ಗೋಡೆಯ ಕಡೆಗಿರುವಂತೆ ಆ ಮಗುವನ್ನು ಕೂರಿಸಿದರೆ ಹಲಗೆಯೂ ಗೆಳೆಯರೂ ಕಾಣುವರು. ಆಟಕ್ಕಿಳಿಯುವಾಗ ಉಳಿದ ಒಂದು ಕಣ್ಣಿಗೆ ಒಡೆಯದ ಕನ್ನಡಕವಿರಬೇಕು.