ಯಂತ್ರದೂತನಿಗೆ ಲಕ್ಷಣವಾಕ್ಯ

ಒಂದು ವಸ್ತುವನ್ನು ಕಣ್ಣಾರೆ ಕಂಡವನಿಗೆ ಅದರ ಲಕ್ಷಣವನ್ನು ಹೇಳುವುದು ಸುಲಭ. ಎಂದೂ ಕಾಣದವನಿಗೆ ಹೇಳುವುದು ಕಷ್ಟ. ಭರತಖಂಡದ ತಾರ್ಕಿಕರು ಈ ಕಷ್ಟವನ್ನು ಬಹು ಹಿಂದೆಯೇ ಅರಿತು, ಲಕ್ಷಣಕ್ಕೆ ಮೂರು ದೋಷಗಳನ್ನು ಎಣಿಸಿದರು. ಆಕಳೆಂದರೆ ಕಪಿಲವರ್ಣದ ಪ್ರಾಣಿ ಎಂದರೆ ಬಿಳಿಯ ಆಕಳು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳ ಪ್ರಾಣಿ ಎಂದರೆ ಎಮ್ಮೆಯೂ ಒಳಸೇರುತ್ತದೆ, ಇದು ಅತಿವ್ಯಾಪ್ತಿ. ಸೀಳಿಲ್ಲದ ಗೊರಸಿನ ಪ್ರಾಣಿ ಎಂದರೆ ಯಾವ ಆಕಳಿಗೂ ಸಲ್ಲದು, ಇದು ಅಸಂಭವ. ಕೊರಳಿನ ಕೆಳಗೆ ಗಂಗೆದೊಗಲುಳ್ಳುದು ಎಂದಾಗಲೇ ಲಕ್ಷಣವು ನಿಲ್ಲುವುದು. ಅನ್ನಂಭಟ್ಟನ ತರ್ಕಸಂಗ್ರಹದ ಪಾಠವನ್ನು ಕೇಳಿದವರಿಗೆಲ್ಲ ಇದು ಪರಿಚಿತವಾದ ವಿಷಯವೇ ಸರಿ.

ಈ ಹಳೆಯ ಪಾಠಕ್ಕೆ ಈಗ ಹೊಸದೊಂದು ಪ್ರಯೋಜನವು ಒದಗಿದೆ. ಕೃತಕ ಬುದ್ಧಿಮತ್ತೆಯು ಮನುಷ್ಯನ ಪರವಾಗಿ ಬ್ರೌಸರನ್ನು ತೆರೆದು, ಪುಟಗಳನ್ನು ಓದಿ, ಗುಂಡಿಗಳನ್ನು ಒತ್ತಿ, ಅರ್ಜಿಗಳನ್ನು ತುಂಬಬಲ್ಲುದಾಗಿದೆ. ಹೀಗೆ ಕೆಲಸ ಮಾಡುವ ಯಂತ್ರದೂತನಿಗೆ ಏಜೆಂಟ್ ಎಂದು ಹೆಸರು. ಈ ದೂತನಿಗೆ ಸ್ವಂತ ಕೈಗಳಿಲ್ಲ. ಟೂಲ್ ಎಂಬ ಉಪಕರಣಗಳೇ ಕೈಗಳು. ಪ್ರತಿಯೊಂದು ಉಪಕರಣಕ್ಕೂ ಒಂದು ಹೆಸರು, ಕೆಲವು ಸಾಲುಗಳ ವಿವರಣೆ, ಅದಕ್ಕೆ ಒದಗಿಸಬೇಕಾದ ಅಂಶಗಳ ಪಟ್ಟಿ, ಇಷ್ಟೇ ಅವನ ಮುಂದಿರುವುದು. ಆಂಥ್ರೊಪಿಕ್ ಸಂಸ್ಥೆಯು 2024ನೆಯ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಪದ್ಧತಿಯಲ್ಲಿಯೂ ಇದೇ ಕ್ರಮ. ಉಪಕರಣದ ಒಳರಚನೆಯು ದೂತನಿಗೆ ಕಾಣದು. ವಿವರಣೆಯನ್ನು ನಂಬಿಯೇ ಯಾವುದನ್ನು ಹಿಡಿಯಬೇಕೆಂದು ಅವನು ನಿಶ್ಚಯಿಸುತ್ತಾನೆ.

ದೃಷ್ಟಾಂತಕ್ಕೆ ಬಳ್ಳಾರಿಯ ಸೀಮೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ರೈತನಿಗೆ ಬೆಳೆಸಾಲದ ಕಾಲದಲ್ಲಿ ಪಹಣಿ ಬೇಕು. ಸರ್ಕಾರದ ‘ಭೂಮಿ’ ವ್ಯವಸ್ಥೆಯ ಜಾಲಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಕ್ರಮವಾಗಿ ಆರಿಸಿ, ಸರ್ವೆ ನಂಬರನ್ನೂ ಹಿಸ್ಸಾ ನಂಬರನ್ನೂ ಕೊಟ್ಟು ಅದನ್ನು ನೋಡಬಹುದು. ಈ ಕೆಲಸಕ್ಕಾಗಿ ಒಬ್ಬನು ಉಪಕರಣವೊಂದನ್ನು ರಚಿಸಿ, “ಜಮೀನಿನ ಕೆಲಸಕ್ಕೆ” ಎಂದಷ್ಟೇ ವಿವರಣೆ ಬರೆದನೆಂದು ಭಾವಿಸಬಹುದು. ಖಾತೆ ಬದಲಾವಣೆಯೂ ಜಮೀನಿನ ಕೆಲಸ, ನಕ್ಷೆಯೂ ಜಮೀನಿನ ಕೆಲಸ. ದೂತನು ಎಲ್ಲಕ್ಕೂ ಇದನ್ನೇ ಹಿಡಿದು ಹೊರಡುವನು. “ಸಿರುಗುಪ್ಪದ ಗದ್ದೆಯ ಪಹಣಿಗೆ” ಎಂದು ಬರೆದರೆ, ಕುರುಗೋಡಿನ ಎರೆಹೊಲದವನು ಕೇಳಿದಾಗ ಉಪಕರಣವು ಇದ್ದೂ ಇಲ್ಲದಂತಾಗುವುದು. ತೋರಿಸಲು ಮಾತ್ರ ಬಲ್ಲುದನ್ನು “ಪಹಣಿಯ ತಪ್ಪನ್ನು ತಿದ್ದುವುದು” ಎಂದರೆ, ಆಗದ ಕೆಲಸ ಆಯಿತೆಂದು ರೈತನು ನಂಬಿ ಕೂರುವನು. ಮೂರು ದೋಷಗಳೂ ಹೀಗೆ ಮೂರು ಬಗೆಯ ಹಾನಿಗಳಾಗಿ ಪರಿಣಮಿಸುತ್ತವೆ.

ನಿರ್ದುಷ್ಟವಾದ ವಿವರಣೆಯು ಹೀಗಿರಬಹುದು: “ಒಂದು ಸರ್ವೆ ನಂಬರಿನ ಪಹಣಿಯನ್ನು ಓದಿ ತೋರಿಸುತ್ತದೆ. ಯಾವ ದಾಖಲೆಯನ್ನೂ ಬದಲಿಸುವುದಿಲ್ಲ, ಹಣ ಕಟ್ಟುವುದಿಲ್ಲ. ಜಿಲ್ಲೆಯಿಂದ ಹಿಸ್ಸಾವರೆಗಿನ ಎಲ್ಲ ಅಂಶಗಳೂ ಬೇಕು. ಒಂದು ತಿಳಿಯದಿದ್ದರೂ ಊಹಿಸದೆ ಕೇಳಬೇಕು. ಖಾತೆ ಬದಲಾವಣೆಯ ಅರ್ಜಿಗೆ ಇದನ್ನು ಬಳಸಕೂಡದು.” ಊಹಿಸಕೂಡದೆಂಬ ಮಾತು ವ್ಯರ್ಥವಲ್ಲ. ಹಿಸ್ಸಾದ ಒಂದು ಅಂಕಿ ತಪ್ಪಿದರೆ ಅಣ್ಣನ ಪಹಣಿಗೆ ಬದಲು ತಮ್ಮನದು ಬರುವುದು. ಸ್ಥಳನಾಮಗಳಲ್ಲಿಯೂ ಇದೇ ಅಪಾಯ. ಬಳ್ಳಾರಿಯ ಆಂಗ್ಲ ಅಕ್ಷರವಿನ್ಯಾಸವು 2014ನೆಯ ನವೆಂಬರ್ 1ರಂದು ಬದಲಾಯಿತು. ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡು ಈಗ ತಾನೇ ಒಂದು ತಾಲ್ಲೂಕು. ಹೊಸಪೇಟೆಯು 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಊರಿನವರಿಗೆ ಇದು ತಿಳಿದ ಸಂಗತಿ. ಹಳೆಯ ಬರಹಗಳಿಂದ ಕಲಿತ ದೂತನು ಹಳೆಯ ತಾಲ್ಲೂಕಿನಲ್ಲಿ ಹುಡುಕಿ, ಆ ಗ್ರಾಮವೇ ಇಲ್ಲವೆಂದು ಹೇಳಿಬಿಡಬಹುದು. ಆದುದರಿಂದ ಹೆಸರುಗಳನ್ನು ಪುಟದಲ್ಲಿರುವ ಪಟ್ಟಿಯಿಂದಲೇ ಆರಿಸಬೇಕೆಂದು ವಿವರಣೆಯಲ್ಲಿ ವಿಧಿಸಬೇಕು.

ಒಂದನ್ನೊಂದು ಹೋಲುವ ಉಪಕರಣಗಳಿದ್ದರೆ ಅವುಗಳ ಭೇದವನ್ನೂ ಹೇಳುವುದು ಯುಕ್ತ. ಮೈಕ್ರೋಸಾಫ್ಟ್ ಸಂಸ್ಥೆಯ ಪ್ಲೇರೈಟ್ ಉಪಕರಣಗಳಲ್ಲಿ ಪುಟದ ರಚನೆಯನ್ನು ಅಕ್ಷರರೂಪದಲ್ಲಿ ಕೊಡುವುದೊಂದು, ಪುಟದ ಚಿತ್ರವನ್ನು ತೆಗೆಯುವುದೊಂದು. ಚಿತ್ರವನ್ನು ನೋಡಿ ಗುಂಡಿ ಒತ್ತಲಾಗದು, ಅದಕ್ಕೆ ಇನ್ನೊಂದನ್ನು ಬಳಸಬೇಕು ಎಂಬ ಸೂಚನೆಯು ಚಿತ್ರ ತೆಗೆಯುವ ಉಪಕರಣದ ವಿವರಣೆಯಲ್ಲಿಯೇ ಇದೆ. ಎಮ್ಮೆಯ ಪಕ್ಕದಲ್ಲಿ ನಿಲ್ಲಿಸಿ ಆಕಳನ್ನು ತೋರಿಸುವ ವಿಧಾನವಿದು.

ವಿವರಣೆಯು ದೀರ್ಘವಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಹತ್ತಾರು ಉಪಕರಣಗಳ ಪುರಾಣವನ್ನು ಓದುವ ದೂತನ ಲಕ್ಷ್ಯವು ಚದುರುತ್ತದೆ. ಸೂತ್ರಕಾರರು ಮಿತಾಕ್ಷರವನ್ನು ಬಯಸಿದರು, ಆದರೆ ಸಂದೇಹಕ್ಕೆ ಎಡೆಗೊಡಲಿಲ್ಲ. ಅದೇ ಇಲ್ಲಿಯೂ ಹದ. ವಿವರಣೆಯಲ್ಲಿ ಬರೆದುದೆಲ್ಲ ಪ್ರಮಾಣವೂ ಅಲ್ಲ. “ಓದಲು ಮಾತ್ರ” ಎಂಬ ಗುರುತನ್ನು ಅಪರಿಚಿತನಾದವನೂ ಅಂಟಿಸಬಲ್ಲನು. ಆಪ್ತನ ಮಾತಿಗೆ ಮಾತ್ರ ಪ್ರಾಮಾಣ್ಯವುಂಟು. ಹಣ ಕಟ್ಟುವ, ಅರ್ಜಿ ಸಲ್ಲಿಸುವ ಹೆಜ್ಜೆಗೆ ಮುಂಚೆ ರೈತನ ಒಪ್ಪಿಗೆಯನ್ನು ಕೇಳುವಂತೆ ಏರ್ಪಡಿಸುವುದು ಇದಕ್ಕಾಗಿಯೇ.

ಯಂತ್ರಕ್ಕೆ ಬರೆಯುವ ನಾಲ್ಕು ಸಾಲಿನಲ್ಲಿ ಭಾಷೆಯ ಶುದ್ಧಿಯೇಕೆಂದು ಕೆಲವರು ಕೇಳಬಹುದು. ಆ ಸಾಲುಗಳನ್ನು ಓದುವುದು ಯಂತ್ರವೇ ಆದರೂ, ತಪ್ಪಿನ ಫಲವನ್ನು ಉಣ್ಣುವವನು ನೇಗಿಲು ಹಿಡಿದವನು. ಬರೆಯುವವನು ಇದೊಂದನ್ನು ನೆನಪಿನಲ್ಲಿಟ್ಟರೆ ಸಾಕು, ಲಕ್ಷಣವು ತಾನಾಗಿ ನೆಟ್ಟಗಾಗುವುದು.