ತಟ್ಟೆಯ ಬೆನ್ನಿನ ಹೆಸರು

ಊಟದ ತಟ್ಟೆಯ ಮೇಲೆ ಹೂ ಬಿಡಿಸುವ ವಾಡಿಕೆ ಹಳೆಯದು. ಆದರೆ ಅವು ಬಹುಮಟ್ಟಿಗೆ ಕಲ್ಪನೆಯ ಹೂಗಳು; ಯಾವ ಹೊಲದ ಬದುವಿನಲ್ಲಿಯೂ ಅರಳಿದವಲ್ಲ. ಡೆನ್ಮಾರ್ಕಿನ ‘ಫ್ಲೋರಾ ಡ್ಯಾನಿಕಾ’ ಪಿಂಗಾಣಿಯ ರೀತಿಯೇ ಬೇರೆ. ಅದರ ಒಂದೊಂದು ತಟ್ಟೆಯ ಮೇಲೂ ನಿಜವಾದ ಒಂದು ಕಾಡುಗಿಡವಿದೆ. ತಟ್ಟೆಯನ್ನು ಮಗುಚಿದರೆ ಬೆನ್ನಿನ ಮೇಲೆ ಆ ಗಿಡದ ಲ್ಯಾಟಿನ್ ಹೆಸರಿದೆ.

ಇದಕ್ಕೆ ಆಧಾರ ಅದೇ ಹೆಸರಿನ ಸಸ್ಯಗ್ರಂಥ. ಡೆನ್ಮಾರ್ಕಿನ ದೊರೆಯ ಆಳ್ವಿಕೆಗೊಳಪಟ್ಟ ನಾಡುಗಳ ಕಾಡುಗಿಡಗಳನ್ನೆಲ್ಲ ಚಿತ್ರಿಸಬೇಕೆಂಬ ಸಂಕಲ್ಪದಿಂದ 1761ರಲ್ಲಿ ಅದರ ಪ್ರಕಟಣೆ ಮೊದಲಾಯಿತು. 3,240 ಚಿತ್ರಫಲಕಗಳೊಡನೆ ಮುಗಿದದ್ದು 1883ರಲ್ಲಿ. ಗ್ರಂಥವು ಇನ್ನೂ ಬೆಳೆಯುತ್ತಿದ್ದಾಗಲೇ, 1790ರಲ್ಲಿ, ಆ ಚಿತ್ರಗಳನ್ನು ಊಟದ ಪಾತ್ರೆಗಳ ಮೇಲೆ ಮೂಡಿಸುವಂತೆ ಕೋಪನ್‌ಹೇಗನ್ನಿನ ರಾಜ ಪಿಂಗಾಣಿ ಕಾರ್ಖಾನೆಗೆ ಅಪ್ಪಣೆಯಾಯಿತು. ಅವು ರಷ್ಯಾದ ಮಹಾರಾಣಿ ಎರಡನೆಯ ಕ್ಯಾಥರೀನಳಿಗೆ ಉಡುಗೊರೆಯಾಗಬೇಕಿತ್ತೆಂಬುದು ಪ್ರತೀತಿ. ಆಕೆ 1796ರಲ್ಲಿ ತೀರಿಕೊಂಡಳು. ಕೆಲಸ ಮಾತ್ರ ನಿಲ್ಲಲಿಲ್ಲ.

ಆ ಕೆಲಸದ ಭಾರ ಬಿದ್ದದ್ದು ಯೋಹಾನ್ ಕ್ರಿಸ್ಟೋಫ್ ಬಾಯರ್ ಎಂಬ ಚಿತ್ರಕಾರನ ಹೆಗಲಿಗೆ. 1738ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ಅವನಿಗೆ ಆಗ ಐವತ್ತು ದಾಟಿತ್ತು. ಅಣಬೆಗಳ ಕುರಿತ ಗ್ರಂಥವೊಂದಕ್ಕೆ ಚಿತ್ರ ಬರೆದು ಪಳಗಿದ್ದ ಕೈ ಅವನದು. ಅಂದಗಾಣಲೆಂದು ಗಿಡವನ್ನು ತಿದ್ದುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಹೂವಿನೊಡನೆ ಬೇರು, ಎಲೆಯೊಡನೆ ಅದರ ನರ, ಕಾಯಿಯೊಡನೆ ಬೀಜ, ಎಲ್ಲವೂ ಇದ್ದಂತೆಯೇ ಬರಬೇಕು. ತಟ್ಟೆಯ ಅಂಚಿನಲ್ಲಿ ಚಿನ್ನದ ಲೇಪ. ನಡುವೆ ದಾರಿಹೋಕರು ತುಳಿದು ಸಾಗುವ ಕಳೆ, ಕಲ್ಲಿಗೆ ಅಂಟಿದ ಪಾಚಿ. ಅರಮನೆಯ ತೋಟದ ಗುಲಾಬಿಗೆ ಸಲ್ಲುವ ಗೌರವವೇ ಅವಕ್ಕೂ ಸಂದಿತು.

ಹನ್ನೆರಡು ವರ್ಷಗಳಲ್ಲಿ 1,802 ಪಾತ್ರೆಗಳು ಸಿದ್ಧವಾದವು. ಬಹುತೇಕ ಎಲ್ಲವನ್ನೂ ಬಾಯರನೊಬ್ಬನೇ ಚಿತ್ರಿಸಿದನು. 1802ರಲ್ಲಿ ಕೆಲಸ ನಿಂತಾಗ ಅವನ ಕಣ್ಣಿನ ಶಕ್ತಿ ಕುಂದಿಹೋಗಿತ್ತು. ಮರುವರ್ಷದ ಜನವರಿ 29ರಂದು, ದೊರೆ ಏಳನೆಯ ಕ್ರಿಶ್ಚಿಯನ್ನನ ಹುಟ್ಟುಹಬ್ಬದ ಔತಣದಲ್ಲಿ, ಆ ತಟ್ಟೆಗಳನ್ನು ಮೊದಲ ಬಾರಿಗೆ ಹರಡಲಾಯಿತು. ಬಾಯರನು 1812ರಲ್ಲಿ ತೀರಿಕೊಂಡನು.

ಅವುಗಳಲ್ಲಿ ಸುಮಾರು 1,500 ಪಾತ್ರೆಗಳು ಇಂದಿಗೂ ಉಳಿದಿವೆ. ಚಿತ್ರವು ಒಂದು ಗಿಡದ ಮುಖವನ್ನು ಕಾಪಾಡಿದರೆ, ಬೆನ್ನಿನ ಬರಹವು ಅದರ ಹೆಸರನ್ನು ಕಾಪಾಡಿದೆ. ಉಣ್ಣುವವನಿಗೆ ಆ ಬರಹ ಕಾಣುವುದಿಲ್ಲ. ಊಟ ಮುಗಿದ ಮೇಲೆ ತಟ್ಟೆ ತೊಳೆಯುವ ಕೈಗೆ ಕಾಣುತ್ತದೆ. ಕಾಣಲಿ, ಕಾಣದಿರಲಿ, ಕಳೆಗೂ ಒಂದು ಹೆಸರುಂಟು, ಅದನ್ನು ತಪ್ಪಿಲ್ಲದೆ ಬರೆದಿಡಬೇಕು ಎಂಬ ನಿಷ್ಠೆಗಾಗಿ ಒಬ್ಬ ಮನುಷ್ಯನು ತನ್ನ ಕಣ್ಣುಗಳನ್ನೇ ತೆತ್ತನು.