ಹಕ್ಕುಗಳು: ಲೇಖಕಿಯವು

ನನಗೂ ಅಭಿಮಾನಿಗಳಿದ್ದರು ಎಂದರೆ ನಮ್ಮ ಮನೆಯವರೇ ನಗುತ್ತಾರೆ. ನಗಲಿ ಬಿಡಿ. ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಕಲಿಸಿ, ಮನೆಗೆ ಬಂದು ಬೇಳೆ ಬೇಯಲಿಟ್ಟು, ಅದು ಬೇಯುವಷ್ಟರಲ್ಲಿ ನಾಲ್ಕು ಸಾಲು ಕತೆ ಬರೆಯುತ್ತಿದ್ದ ಕಾಲ ಅದು. ವಾರಪತ್ರಿಕೆಯೊಂದರಲ್ಲಿ ನನ್ನ ‘ಸುಬ್ಬತ್ತೆ’ಯ ಕತೆಗಳು ಆಗಾಗ ಬರುತ್ತಿದ್ದವು. ಶಿರಸಿಯ ನಮ್ಮ ಪೋಸ್ಟಿನವನು ತಿಂಗಳಿಗೆ ನಾಲ್ಕೈದು ಕಾಗದ ತಂದುಕೊಟ್ಟು, “ಅಕ್ಕೋರೇ, ನಿಮಗಿಂತ ಸುಬ್ಬತ್ತೆಗೇ ಟಪಾಲು ಹೆಚ್ಚು” ಎನ್ನುತ್ತಿದ್ದ.

ಕಾಗದಗಳಲ್ಲಿ ಹೊಗಳಿಕೆಗಿಂತ ಸಲಹೆಯೇ ಜಾಸ್ತಿ. ಸುಬ್ಬತ್ತೆಯನ್ನು ಕಾಶಿಗೆ ಕಳಿಸಿ, ಅವಳ ಮನೆಗೆ ಫೋನು ಹಾಕಿಸಿ, ಸೊಸೆಯ ಸಂಗಡ ಒಮ್ಮೆ ಚೆನ್ನಾಗಿ ಜಗಳ ಆಡಿಸಿ! ಓದಿ ನಕ್ಕು, ಯಾವುದಾದರೊಂದು ಪುಸ್ತಕದೊಳಗೆ ಸಿಕ್ಕಿಸಿ ಮರೆತುಬಿಡುತ್ತಿದ್ದೆ.

2004ರಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗಿ ಇನ್‌ಲ್ಯಾಂಡ್ ಲೆಟರಿನ ಮೂರೂ ಮಗ್ಗುಲು ತುಂಬಿಸಿ ಬರೆದಿದ್ದಳು. ಅವಳ ಅಜ್ಜಿಗೆ ತಿಂಗಳಿಗೊಮ್ಮೆ ಮನಿಆರ್ಡರಿನಲ್ಲಿ ಪಿಂಚಣಿ ಬರುತ್ತಿತ್ತು. ಪ್ರತಿ ಸಲವೂ ಹೆಬ್ಬೆಟ್ಟು ಒತ್ತಿಯೇ ತೆಗೆದುಕೊಳ್ಳಬೇಕು. ಮೊಮ್ಮಗಳು ಹಟ ಹಿಡಿದು ಅಜ್ಜಿಗೆ ಸಹಿ ಕಲಿಸಿದಳಂತೆ. “ನಿಮ್ಮ ಸುಬ್ಬತ್ತೆಗೂ ಸಹಿ ಕಲಿಸ್ರಿ ಅಕ್ಕಾವ್ರ” ಎಂದು ಕಾಗದ ಮುಗಿದಿತ್ತು.

ಎರಡು ತಿಂಗಳ ಮೇಲೆ ಸುಬ್ಬತ್ತೆ ಸಹಿ ಕಲಿತಳು. ಆ ಕತೆಗೆ ಬಂದಷ್ಟು ಮೆಚ್ಚುಗೆ ಬೇರಾವುದಕ್ಕೂ ಬರಲಿಲ್ಲ. ಅದರಲ್ಲೂ ಕಡೆಯ ಸಾಲನ್ನು ಎಲ್ಲರೂ ಎತ್ತಿ ಆಡಿದರು: ಸಹಿ ಹಾಕಿ ಮುಗಿಸಿದ ಮೇಲೂ ಸುಬ್ಬತ್ತೆ ರೂಢಿಯಂತೆ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು. 2006ರಲ್ಲಿ ಕತೆಗಳೆಲ್ಲ ಸೇರಿ ಪುಸ್ತಕವಾದವು. ಒಳಪುಟದಲ್ಲಿ ‘ಹಕ್ಕುಗಳು: ಲೇಖಕಿಯವು’ ಎಂದು ಅಚ್ಚಾಗಿದ್ದನ್ನು ನಾನು ಎರಡೆರಡು ಸಲ ಓದಿಕೊಂಡೆ.

ಪುಸ್ತಕ ಬಂದ ತಿಂಗಳಲ್ಲೇ ಒಂದು ಕಾರ್ಡು ಬಂತು. “ಅಕ್ಕಾವ್ರ, ನಮ್ಮ ಅಜ್ಜಿ ಕತಿ ಓದಿ ಖುಷಿ ಆತು. ಆದರ ನಮ್ಮ ಹೆಸರು ಎಲ್ಲೂ ಕಾಣಲಿಲ್ಲ.”

ಬೈಗುಳವಾಗಿದ್ದರೆ ಸಿಟ್ಟು ಮಾಡಬಹುದಿತ್ತು. ಇದಕ್ಕೆ ಏನು ಮಾಡುವುದು? ನಮ್ಮವರು, “ಬರೆದವಳು ನೀನು, ಅವಳು ಹೇಳಿದ್ದಷ್ಟೇ” ಎಂದರು. ನನಗೂ ಹಾಗೇ ಅನಿಸಿತು. ಧೈರ್ಯಕ್ಕೆಂದು ವಕೀಲನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯ ಆಫೀಸಿಗೆ ಹೋದೆ. ಪಾಣಿಪತ್ ಕದನದ ಇಸವಿ ಎಂದೂ ನೆನಪಿಟ್ಟುಕೊಳ್ಳದ ಹುಡುಗ ಈಗ ಕಾಯಿದೆಗಳ ಇಸವಿಯನ್ನು ಪಟಪಟನೆ ಹೇಳಿದ.

“1957ರ ಕಾಯಿದೆಯಲ್ಲಿ ಬರೆದ ಬರಹಕ್ಕೆ ಕೃತಿಸ್ವಾಮ್ಯ ಇದೆ ಅಕ್ಕೋರೇ, ಬರಿಯ ಕಲ್ಪನೆಗೆ ಇಲ್ಲ” ಎಂದು ಒಂದು ಮೊಕದ್ದಮೆಯ ಕತೆ ಹೇಳಿದ. ಆರ್. ಜಿ. ಆನಂದ್ ಎಂಬವರ ‘ಹಮ್ ಹಿಂದುಸ್ತಾನಿ’ ನಾಟಕ 1954ರಲ್ಲಿ ದಿಲ್ಲಿಯಲ್ಲಿ ರಂಗಕ್ಕೆ ಬಂದಿತ್ತು. ಬೇರೆ ಬೇರೆ ಪ್ರಾಂತದ ಎರಡು ಮನೆಯವರ ನಡುವಿನ ಪ್ರೀತಿ, ಪ್ರಾಂತಾಭಿಮಾನದ ಜಗಳ ಅದರ ವಸ್ತು. 1956ರಲ್ಲಿ ‘ನ್ಯೂ ದಿಲ್ಲಿ’ ಎಂಬ ಹಿಂದಿ ಚಿತ್ರ ಬಂದಾಗ ಅದು ತನ್ನ ನಾಟಕದ ನಕಲೆಂದು ಅವರು ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ವಸ್ತುವಿಗೆ ಯಾರೂ ಒಡೆಯರಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕು. ಎರಡನ್ನೂ ನೋಡಿದವನಿಗೆ ಇದು ಅದರ ನಕಲೇ ಎಂದು ನಿಸ್ಸಂಶಯವಾಗಿ ಅನಿಸಬೇಕು ಎಂದಿತು ಕೋರ್ಟು.

ನನಗೆ ಹೋದ ಜೀವ ಬಂದಂತಾಯಿತು. ಎದ್ದು ಹೊರಡುವಾಗ ಅವನು, “ಆ ಕಾಗದ ಇದ್ದರೆ ಒಮ್ಮೆ ನೋಡಿಬಿಡಿ” ಎಂದ.

ರಾತ್ರಿ ಹುಡುಕಿದೆ. ನಿಘಂಟಿನೊಳಗೆ ಸಿಕ್ಕಿತು. ಎರಡನೆಯ ಮಗ್ಗುಲಿನ ಕೆಳಗೆ ಅವಳು ಬರೆದಿದ್ದಳು: ಸಹಿ ಹಾಕಿ ಮುಗಿಸಿದ ಮೇಲೂ ಅಜ್ಜಿ ರೂಢಿಯಂತೆ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು.

ಅಕ್ಷರವೂ ಬದಲಾಗಿರಲಿಲ್ಲ. ಎರಡು ವರ್ಷ ಆ ಸಾಲು ನನಗೇ ಹೊಳೆದದ್ದೆಂದು ನಂಬಿದ್ದೆ. ಯಾರು ಹೊಗಳಿದರೂ ತಲೆ ತಗ್ಗಿಸಿ ಸ್ವೀಕರಿಸಿದ್ದೆ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದ ಹುಡುಗರನ್ನು ಎಬ್ಬಿಸಿ ನಿಲ್ಲಿಸಿದ ಕೈ ಇದು.

ಮರುದಿನ ವಕೀಲನಿಗೆ ತೋರಿಸಿದೆ. “ಕಾಗದದ ಹಾಳೆ ನಿಮ್ಮದು, ಅದರೊಳಗಿನ ಮಾತು ಬರೆದವರದು” ಎಂದ. ಕವಿ ಅಲೆಗ್ಸಾಂಡರ್ ಪೋಪನ ಕಾಗದಗಳನ್ನು ಪುಸ್ತಕ ವ್ಯಾಪಾರಿಯೊಬ್ಬ ಅಚ್ಚು ಹಾಕಿದಾಗ, 1741ರಲ್ಲೇ ಇಂಗ್ಲೆಂಡಿನ ನ್ಯಾಯಾಲಯ ಹೀಗೆ ಹೇಳಿತ್ತಂತೆ. “ಒಂದೇ ಸಾಲಿಗೆ ಯಾರೂ ಕೋರ್ಟಿಗೆ ಬರುವುದಿಲ್ಲ. ಹೆದರಬೇಡಿ” ಎಂದೂ ಸೇರಿಸಿದ. ಕೋರ್ಟಿನ ಹೆದರಿಕೆ ನನಗೆ ಆಗಲೇ ಹೋಗಿತ್ತು.

ಹುಡುಗಿಗೆ ಇದ್ದದ್ದು ಇದ್ದಂತೆ ಬರೆದೆ. ಕತೆಗೆ ಬಂದ 300 ರೂಪಾಯಿಯಲ್ಲಿ ಅರ್ಧ ಅವಳದೆಂದೆ. ಮುಂದಿನ ಮುದ್ರಣದಲ್ಲಿ ಹೆಸರು ಹಾಕಲು ಒಪ್ಪಿಗೆ ಕೇಳಿದೆ. ಹೆಸರಿಗೆ ಒಪ್ಪಿದಳು. ದುಡ್ಡು ಮಾತ್ರ “ನನಗ ಬ್ಯಾಡ್ರಿ, ಅಜ್ಜಿಗೆ ಕಳಸ್ರಿ” ಎಂದಳು.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾರಾದರೂ ಪೂರ್ತಿ ಕತೆಯನ್ನೇ ಕಳಿಸಿದರೆ ಓದದೆ ಹಿಂತಿರುಗಿಸುತ್ತೇನೆ. ನಾಳೆ ನಾನು ಅಂಥದ್ದನ್ನೇ ಬರೆದರೆ, ಯಾವುದು ಯಾರದೆಂದು ನನಗೇ ಗೊತ್ತಾಗಲಿಕ್ಕಿಲ್ಲ. ಸಲಹೆ ಹಿಡಿಸಿದರೆ ಬರೆಯುವ ಮೊದಲೇ ಅವರನ್ನು ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುತ್ತೇನೆ. ಈಗ ಕಾಗದದ ಬದಲು ವಾಟ್ಸ್ಆ್ಯಪಿನಲ್ಲಿ ಬರುತ್ತವೆ, ಅಷ್ಟೇ ವ್ಯತ್ಯಾಸ.

ಆಗ ಅಜ್ಜಿಗೆ 150 ರೂಪಾಯಿ ಮನಿಆರ್ಡರ್ ಮಾಡಿದ್ದೆ. ಹದಿನೈದು ದಿನಕ್ಕೆ ಅದರ ರಸೀದಿ ಮರಳಿ ಬಂತು. ಪಡೆದವರ ಸಹಿಯ ಜಾಗ ಸಾಲದೆ, ದಪ್ಪ ದಪ್ಪ ಅಕ್ಷರಗಳು ಗೆರೆ ದಾಟಿ ಅಂಚಿನವರೆಗೆ ಹೋಗಿದ್ದವು. ಈಗಲೂ ಆ ರಸೀದಿ ನಿಘಂಟಿನಲ್ಲಿ, ಆ ಕಾಗದದ ಜತೆಗೇ ಇದೆ.